ಭದ್ರಾವತಿಯಲ್ಲಿ ಇಳಿಯಬೇಕಿದ್ದ ಪ್ಲೂಟೊ

ಶಿವಮೊಗ್ಗದ ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರಿಗೆ ಒಂದು ಹಳೆಯ ಸಿಟ್ಟಿತ್ತು. ಪುಸ್ತಕದಲ್ಲಿ ಗ್ರಹಗಳನ್ನೆಲ್ಲ ಒಂದೇ ಪುಟದಲ್ಲಿ, ಮದುವೆ ಮನೆಯವರು ಫೋಟೊಗೆ ನಿಂತ ಹಾಗೆ ಒತ್ತೊತ್ತಾಗಿ ನಿಲ್ಲಿಸಿರುತ್ತಾರೆ, ಅದನ್ನು ನೋಡಿದ ಮಕ್ಕಳಿಗೆ ಅವುಗಳ ನಡುವಿನ ದೂರ ಏನೂ ತಿಳಿಯುವುದಿಲ್ಲ ಅಂತ. ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಸ್ಟಾಫ್ ರೂಮಿನ ಮೇಜಿನ ಮೇಲೆ ಊರಿನ ಸುತ್ತಮುತ್ತಲಿನ ನಕ್ಷೆ ಹರಡಿಕೊಂಡು ಕೂತರು. ನಾನು ಎದುರಿಗೆ ಕೂತು ಡಬ್ಬಿಯ ಚಿತ್ರಾನ್ನ ತಿನ್ನುತ್ತಿದ್ದೆ. ಫೆಬ್ರವರಿಯ ವಿಜ್ಞಾನ ದಿನಕ್ಕೆ ನಮ್ಮ ಶಾಲೆಯ ಮೈದಾನದಲ್ಲಿ ಸೂರ್ಯನನ್ನಿಟ್ಟು, ಉಳಿದದ್ದನ್ನೆಲ್ಲ ಸರಿಯಾದ ಅಳತೆಗೆ ಕುಗ್ಗಿಸಿ, ರಸ್ತೆಯುದ್ದಕ್ಕೂ ನಿಲ್ಲಿಸುವುದು ಅವರ ಯೋಚನೆ. ನೋಡಲು ಬಂದವರು ಬಸ್ಸಿನಲ್ಲಿ ಕೂತು ಸೂರ್ಯನಿಂದ ಕೊನೆಯ ಗ್ರಹದವರೆಗೆ ಹೋಗಬೇಕು. ಪ್ರತಿ ಗ್ರಹದ ಹತ್ತಿರವೂ ಒಂದು ಮಗು ಅದನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿರಬೇಕು, ಅದರ ವಿಷಯ ಹೇಳಬೇಕು.

"ಕೊನೆ ಎಲ್ಲಿಗಿಡೋಣ ಮೇಡಂ, ನೀವೇ ಹೇಳಿ" ಅಂದರು.

ನಾನು ಕನ್ನಡ ಹೇಳಿಕೊಡುವವಳು. ನನ್ನನ್ನು ಯಾಕೆ ಕೇಳಿದರೋ. ಭದ್ರಾವತಿಯಲ್ಲಿ ನನ್ನ ಅಕ್ಕನ ಶಾಲೆ ಇದೆಯಲ್ಲ, ಅಲ್ಲಿಗೇ ಇಡಿ ಅಂದೆ. ಅವರು ಪೆನ್ಸಿಲ್ಲಿನಿಂದ ಅಕ್ಕನ ಶಾಲೆಯ ಗೇಟಿನ ಹತ್ತಿರ ಪ್ಲೂಟೊ ಅಂತ ಬರೆದು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬಂದರು. ಹೀಗೆ ನೆಪ್ಚೂನ್ ಕಡದಕಟ್ಟೆಯ ಈಚೆಗೆ ಬಂತು, ಯುರೇನಸ್ ನಿದಿಗೆಯ ಹತ್ತಿರ, ಶನಿ ಮಲವಗೊಪ್ಪಕ್ಕೆ, ಗುರು ವಿದ್ಯಾನಗರಕ್ಕೆ. ಭೂಮಿಯೂ ಅದರ ನೆರೆಹೊರೆಯವರೂ ತುಂಗಾ ಸೇತುವೆಯನ್ನೇ ದಾಟಲಿಲ್ಲ.

ಅಕ್ಕನ ವಿಷಯ ಹೇಳಬೇಕು. ಅವಳು ನಮ್ಮ ಮನೆಯ ಹಿರಿಯಳು, ಭದ್ರಾವತಿಯ ಒಂದು ಸಣ್ಣ ಕನ್ನಡ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಾಳೆ. ಕಾರ್ಖಾನೆಯ ಕೆಲಸ ಕಡಿಮೆಯಾದ ಮೇಲೆ ಆ ಕಡೆಯ ಎಷ್ಟೋ ಮನೆಯವರು ಬೇರೆ ಊರಿಗೆ ಹೋದರು. ಉಳಿದವರ ಮಕ್ಕಳು ಅಕ್ಕನ ತರಗತಿಯಲ್ಲಿದ್ದಾರೆ. ಮನೆಯಲ್ಲಿ ತಮಿಳು, ತೆಲುಗು, ಉರ್ದು ಆಡಿ, ಶಾಲೆಗೆ ಬಂದು ಕನ್ನಡದಲ್ಲಿ ಜಗಳವಾಡುವ ಮಕ್ಕಳು. ಶಿವಮೊಗ್ಗದ ಶಾಲೆಗಳು ಏನಾದರೂ ಕಾರ್ಯಕ್ರಮ ಮಾಡಿದರೆ ಅವರನ್ನು ಕರೆಯುವುದಿಲ್ಲ ಅಂತಿಲ್ಲ. ಕರೆಯುತ್ತಾರೆ, ಕೂತು ನೋಡುವುದಕ್ಕೆ. "ನಮ್ಮ ಮಕ್ಕಳು ಚಪ್ಪಾಳೆ ತಟ್ಟೋದ್ರಲ್ಲಿ ಡಿಸ್ಟ್ರಿಕ್ಟ್ ಫಸ್ಟು" ಅಂತ ಅಕ್ಕ ನಗುನಗುತ್ತಾ ಹೇಳುತ್ತಿದ್ದಳು, ಆದರೆ ಅದು ನಗುವ ಮಾತಾಗಿರಲಿಲ್ಲ. ಹಾಗಾಗಿ ಪ್ಲೂಟೊ ನಿಮ್ಮ ಶಾಲೆಗೆ ಬಂದಿದೆ ಅಂತ ನಾನು ಫೋನ್ ಮಾಡಿದಾಗ ಅವಳು, "ಮಕ್ಕಳಿಗೆ ಹೇಳ್ತೀನಿ" ಅಂದಳು. ಮಕ್ಕಳಿಗೆ ಅವಳು ಹೇಳಿದ್ದು, ಈ ಸಲ ಆ ರಸ್ತೆಯಲ್ಲಿ ನಮಗೂ ಒಂದು ಜಾಗ ಇದೆ ಅಂತ, ಅಷ್ಟೇ. ಗ್ರಹ ಅನ್ನುವ ಮಾತನ್ನು ಸೇರಿಸಿಕೊಂಡವರು ಮಕ್ಕಳು. ಚೀಟಿ ಎತ್ತಿದಾಗ ಪ್ಲೂಟೊ ಕಾರೇಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುವ ಒಬ್ಬ ಹುಡುಗಿಗೆ ಬಂತು. ಕಾರೇಹಳ್ಳಿ ಭದ್ರಾವತಿಯಿಂದಲೂ ಆಚೆ, ತರೀಕೆರೆ ರಸ್ತೆಯಲ್ಲಿ. ಅಜ್ಜಿಯ ಮನೆಯಲ್ಲಿದ್ದು ಓದುವ ಹುಡುಗಿ.

ನಮ್ಮ ಕಡೆ ಗ್ರಹಗಳನ್ನು ಹೊಂದಿಸುವ ಕೆಲಸ ನನ್ನ ಪಾಲಿಗೆ ಬಂತು. ಮೇಷ್ಟ್ರು ಅಳತೆ ಕೊಡುತ್ತಿದ್ದರು, ನಾನು ಅದಕ್ಕೆ ಸರಿಹೋಗುವ ಪದಾರ್ಥವನ್ನು ಅಡಿಗೆಮನೆಯಲ್ಲೋ ಸಂತೆಯಲ್ಲೋ ಹುಡುಕುತ್ತಿದ್ದೆ. ಭೂಮಿಗೆ ನಿಂಬೆಹಣ್ಣು, ಶುಕ್ರನಿಗೆ ಅದಕ್ಕಿಂತ ಕೂದಲೆಳೆ ಸಣ್ಣ ನಿಂಬೆಹಣ್ಣು, ಮಂಗಳನಿಗೆ ಸುಲಿದ ಅಡಿಕೆ, ಬುಧನಿಗೆ ಆಡುವ ಗೋಲಿ. ಚಂದ್ರನಿಗೆ ಒಂದು ದಪ್ಪ ಕಡಲೆಕಾಳು, ನಿಂಬೆಹಣ್ಣಿನಿಂದ ಎರಡೂವರೆ ಮೊಳ ದೂರದಲ್ಲಿ. ಗುರುವಿಗೆ ದೊಡ್ಡ ಬೂದುಗುಂಬಳ. ಯುರೇನಸ್ ನೆಪ್ಚೂನ್‌ಗೆ ಜುಟ್ಟು ಬಿಡಿಸದ ಎರಡು ತೆಂಗಿನಕಾಯಿ. ಸೂರ್ಯ ಯಾವ ಕಾಯಿಗೂ ಹಣ್ಣಿಗೂ ಸಿಗಲಿಲ್ಲ, ಮೈದಾನದಲ್ಲಿ ಒಂದು ಕೋಣೆಯಷ್ಟು ಅಗಲದ ರಂಗೋಲಿ ಹಾಕಬೇಕಾಯಿತು. ಪ್ಲೂಟೊಗೆ ಒಂದು ಒಣ ಬಟಾಣಿ ಕಾಳು. ಅದನ್ನು ಅಕ್ಕನಿಗೆ ಕೊಡಲು ಕಾಗದದಲ್ಲಿ ಸುತ್ತಿ ನನ್ನ ಪರ್ಸಿನಲ್ಲಿ ಇಟ್ಟುಕೊಂಡೆ.

ಶನಿಯದು ಬೇರೆಯೇ ಫಜೀತಿ. ಯಾರ ಹೆಸರಿಗೆ ಶನಿ ಬಂತೋ ಆ ಹುಡುಗನ ತಾಯಿ ಮಾರನೆಯ ದಿನ ಗೇಟಿನಲ್ಲೇ ನನ್ನನ್ನು ಹಿಡಿದು, ಅವನಿಗೆ ಮೊದಲೇ ಸಾಡೇಸಾತಿ ನಡೆಯುತ್ತಿದೆ, ಬೇರೆ ಯಾವುದಾದರೂ ಕೊಡಿ ಅಂತ ಕೈಮುಗಿದರು. ಇನ್ನೊಬ್ಬನಿಗೆ ಕೊಟ್ಟೆವು, ಅವನ ಮನೆಯಿಂದಲೂ ಅದೇ ಮಾತು. ಕೊನೆಗೆ ಮಲವಗೊಪ್ಪದಲ್ಲಿ ಗ್ಯಾರೇಜ್ ಇಟ್ಟುಕೊಂಡಿರುವವರ ಮಗಳು ತಾನಾಗಿಯೇ ಎದ್ದು ನಿಂತು, "ನಂಗೆ ಕೊಡಿ ಮಿಸ್, ನಮ್ಮ ಅಂಗಡಿ ಮುಂದೇನೇ ಅಲ್ವಾ, ಬಳೆ ನಮ್ಮ ಅಬ್ಬ ತಗಡಲ್ಲಿ ಮಾಡ್ಕೊಡ್ತಾರೆ" ಅಂದಳು. ಅವರು ಸಿಹಿಗುಂಬಳಕ್ಕೆ ಹಾಕಿಕೊಟ್ಟ ತಗಡಿನ ಬಳೆ ಎಷ್ಟು ಚೆಂದ ಇತ್ತೆಂದರೆ ಮೊದಲು ಬೇಡ ಅಂದ ಇಬ್ಬರು ಹುಡುಗರೂ ಬಂದು ಅದನ್ನು ಮುಟ್ಟಿ ಮುಟ್ಟಿ ನೋಡಿದರು.

ಮನೆಯಲ್ಲಿ ಅತ್ತೆಯವರದು ಇನ್ನೊಂದು ಪ್ರಶ್ನೆ. ಒಂಬತ್ತು ಗ್ರಹ ದೇವಸ್ಥಾನದಲ್ಲೇ ಇರುವಾಗ ನೀವು ಹೊಸದಾಗಿ ಎಣಿಸುವುದೇನಿದೆ, ರಾಹು ಕೇತುಗಳನ್ನು ಯಾವ ಸ್ಟಾಪಿನಲ್ಲಿ ನಿಲ್ಲಿಸುತ್ತೀರಿ ಅಂದರು. ನಾನು ಅಕ್ಕನಿಗೆ ಫೋನ್ ಮಾಡಿ ಅವರ ಕೈಗೆ ಕೊಟ್ಟೆ. ಅಕ್ಕ ಅವರಿಗೆ ಏನು ಹೇಳಿದಳೋ, ಬಹಳ ಹೊತ್ತು ಮಾತಾಡಿದರು. ಫೋನಿಟ್ಟ ಮೇಲೆ ಅತ್ತೆಯವರು, "ನಿಮ್ಮಕ್ಕ ಸರಿಯಾಗಿ ಹೇಳಿದ್ಲು. ಅದು ಪೂಜೆಯ ಲೆಕ್ಕ, ಇದು ಅಳತೆಯ ಲೆಕ್ಕ. ಒಂದರ ಮೊರದಲ್ಲಿ ಇನ್ನೊಂದನ್ನ ಕೇರಬಾರದಂತೆ" ಅಂದು, ಕಡಲೆಕಾಳಿನ ಡಬ್ಬಿಯಿಂದ ಚಂದ್ರನನ್ನು ಆರಿಸಿಕೊಟ್ಟರು.

ತಕರಾರು ಎದ್ದದ್ದು ಮೀಟಿಂಗಿನಲ್ಲಿ. ನಮ್ಮ ಹೆಡ್‌ಮೇಡಂ ಒಳ್ಳೆಯವರು, ಆದರೆ ಯಾವುದನ್ನೂ ತೇಲಿಸಿಬಿಡುವವರಲ್ಲ. ಮಕ್ಕಳ ಪುಸ್ತಕದಲ್ಲಿ ಎಂಟೇ ಗ್ರಹ ಇವೆ, ನಾವು ರಸ್ತೆಯಲ್ಲಿ ಒಂಬತ್ತು ನಿಲ್ಲಿಸಿದರೆ ಯಾವುದನ್ನು ಓದಬೇಕು ಅಂತ ಮಕ್ಕಳು ಕೇಳುವುದಿಲ್ಲವೇ ಅಂದರು. ಮೇಷ್ಟ್ರು ಪ್ಲೂಟೊ ಪರ ನಿಂತರು. ಅದು ಸೂರ್ಯನ ಸುತ್ತ ಸುತ್ತುತ್ತದೆ, ದುಂಡಗಿದೆ, ಅದಕ್ಕೂ ಚಂದ್ರಗಳಿವೆ, ತಾನು ಓದುವಾಗ ಗ್ರಹವಾಗಿದ್ದದ್ದು ತಾನು ಕಲಿಸುವಾಗ ಇಲ್ಲ ಅಂದರೆ ಹೇಗೆ ಅಂತ ವಾದ ಮಾಡಿದರು. ಹೆಡ್‌ಮೇಡಂ ಬಗ್ಗಲಿಲ್ಲ. ಗ್ರಹ ಅಲ್ಲದ್ದನ್ನು ಗ್ರಹ ಅಂತ ನಿಲ್ಲಿಸುವ ಹಾಗಿಲ್ಲ, ನೆಪ್ಚೂನಿನಿಂದಲೇ ಬಸ್ಸು ಹಿಂದಕ್ಕೆ ತಿರುಗಿಸೋಣ ಅಂದರು.

ನೆಪ್ಚೂನಿನಿಂದಲೇ ತಿರುಗಿಸಿದರೆ ಬಸ್ಸು ಭದ್ರಾವತಿಗೆ ಹೋಗುವುದೇ ಇಲ್ಲ. ಅಕ್ಕನ ಮಕ್ಕಳು ಮತ್ತೆ ಚಪ್ಪಾಳೆ ತಟ್ಟುವವರೇ. ನಾನು ಅದನ್ನು ಹೇಳಿದೆ. ಮೇಷ್ಟ್ರು ತಲೆ ತಗ್ಗಿಸಿ, ಆ ಮಕ್ಕಳಿಗೋಸ್ಕರವಾದರೂ ಒಂದು ದಿನದ ಮಟ್ಟಿಗೆ ಅದನ್ನು ಗ್ರಹ ಅಂತ ಇಟ್ಟುಕೊಳ್ಳೋಣ ಅಂತ ಬೇಡಿಕೊಂಡರು. ಹೆಡ್‌ಮೇಡಂಗೂ ಮನಸ್ಸು ಕರಗಿರಬೇಕು. "ನಿಮ್ಮ ಅಕ್ಕ ವಿಜ್ಞಾನದವರಲ್ವಾ, ಅವರನ್ನೇ ಕೇಳ್ಕೊಂಡು ಬನ್ನಿ. ಅವರು ಗ್ರಹ ಅಂದ್ರೆ ನಾನು ಮಾತಾಡಲ್ಲ" ಅಂದರು.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ನಾನು ಭದ್ರಾವತಿಯ ಬಸ್ಸು ಹತ್ತಿದೆ. ನನ್ನ ಮಟ್ಟಿಗೆ ವಿಷಯ ಮುಗಿದಿತ್ತು. ಅಕ್ಕ ಹೂಂ ಅಂದರೆ ಸಾಕು, ಮಕ್ಕಳ ಜಾಗ ಉಳಿಯುತ್ತದೆ. ಇಷ್ಟು ಸುಲಭದ ಹೂಂ ಅನ್ನು ಯಾರು ತಾನೇ ಬಿಡುತ್ತಾರೆ.

ಅಕ್ಕ ಇರುವುದು ವಠಾರದಲ್ಲಿ. ಸಾಲು ಮನೆಗಳು, ಎಲ್ಲರಿಗೂ ಸೇರಿ ಒಂದು ಉದ್ದನೆಯ ಅಂಗಳ. ಹೊಸಿಲಿನ ಹತ್ತಿರ ಕೂತು ಅವಳು ಅವರೆಕಾಯಿ ಬಿಡಿಸುತ್ತಿದ್ದಳು. ನಾನೂ ಕೈ ಹಾಕಿದೆ. ಮೀಟಿಂಗಿನ ಕಥೆಯನ್ನೆಲ್ಲ ಹೇಳಿ, ನೀನು ಗ್ರಹ ಅಂದರೆ ಸಾಕಂತೆ ಅಂದೆ.

"ಅಲ್ಲ ಕಣೇ ಅದು" ಅಂದಳು.

"ಏನಲ್ಲ?"

"ಗ್ರಹ ಅಲ್ಲ. ನಿಮ್ಮ ಹೆಡ್‌ಮೇಡಂ ಹೇಳಿದ್ದೇ ಸರಿ."

ನನಗೆ ಸಿಟ್ಟೇ ಬಂತು. ಮಾರಾಯ್ತಿ, ನಾನು ನಿನ್ನ ಪರವಾಗಿ ಅಲ್ಲಿ ಅಷ್ಟು ಮಾತಾಡಿ ಬಂದಿದ್ದೀನಿ, ನಿನ್ನ ಮಕ್ಕಳಿಗೆ ಏನಂತ ಹೇಳ್ತೀಯ ಅಂದೆ. ಅದೇ ಯೋಚನೆ ಅಂದು ಅವಳು ಮತ್ತೆ ಕಾಯಿ ಬಿಡಿಸತೊಡಗಿದಳು. ಬಿಡಿಸುತ್ತಲೇ, "ಮೇಷ್ಟ್ರು ಒಳ್ಳೆ ಮನಸ್ಸಿಂದ ಹೇಳಿದಾರೆ, ಗೊತ್ತು. ಆದ್ರೆ ಪಾಪ ಅಂತ ಯಾವುದನ್ನೂ ಗ್ರಹ ಮಾಡಕ್ಕಾಗಲ್ಲ. ಪಾಪ ಅಂತ ಕೊಟ್ಟ ಜಾಗದಲ್ಲಿ ನನ್ನ ಮಕ್ಕಳು ನಿಲ್ಲೋದು ಬೇಡ" ಅಂದಳು. ದನಿ ಗಟ್ಟಿಯಾಗಿರಲಿಲ್ಲ. ಸಿಪ್ಪೆಯ ರಾಶಿಗೆ ಕಾಳನ್ನೂ ಕಾಳಿನ ಪಾತ್ರೆಗೆ ಸಿಪ್ಪೆಯನ್ನೂ ಹಾಕುತ್ತಿದ್ದಳು. ಅವಳಿಗೆ ಎಷ್ಟು ನೋವಾಗಿದೆ ಅನ್ನುವುದು ನನಗೆ ಅದರಿಂದ ತಿಳಿಯಿತು.

ಮತ್ತೆ ಯಾಕೆ ಅಲ್ಲ ಅದು, ನನಗಾದರೂ ಬಿಡಿಸಿ ಹೇಳು ಅಂದೆ. ಬಿಡಿಸಿ ಹೇಳು ಅಂದರೆ ಅಕ್ಕ ಎಂಥ ದುಃಖದಲ್ಲಿದ್ದರೂ ಹೇಳುತ್ತಾಳೆ. ಗ್ರಹ ಅನ್ನಿಸಿಕೊಳ್ಳಬೇಕಾದರೆ ಮೂರು ಕೆಲಸ ಮಾಡಿರಬೇಕಂತೆ. ಸೂರ್ಯನ ಸುತ್ತ ಸುತ್ತಬೇಕು. ತನ್ನ ಭಾರಕ್ಕೆ ತಾನೇ ದುಂಡಗಾಗಿರಬೇಕು. ಇವೆರಡರಲ್ಲಿ ಪ್ಲೂಟೊ ಪಾಸು. ಮೂರನೆಯದು, ತಾನು ಓಡಾಡುವ ದಾರಿಯಲ್ಲಿ ತನ್ನದೇ ದೊಡ್ಡಸ್ತಿಕೆ ನಡೆಯುತ್ತಿರಬೇಕು, ಅಕ್ಕಪಕ್ಕದ ಚೂರುಪಾರುಗಳನ್ನು ಎಳೆದುಕೊಂಡೋ ಆಚೆಗೆ ತಳ್ಳಿಯೋ ದಾರಿ ಚೊಕ್ಕ ಮಾಡಿಕೊಂಡಿರಬೇಕು. ಅಲ್ಲಿ ಅದು ಫೇಲು.

"ಹಂಗಂದ್ರೆ?" ಅಂದೆ.

ಅಷ್ಟರಲ್ಲಿ ಪಕ್ಕದ ಮನೆಯ ತಮಿಳಿನಮ್ಮ ಪೊರಕೆ ಹಿಡಿದು ಹೊರಗೆ ಬಂದರು. ಸಂಜೆ ದೀಪ ಹಚ್ಚುವ ಮೊದಲು ಗುಡಿಸುವ ಹೊತ್ತು. ಅವರು ತಮ್ಮ ಬಾಗಿಲಿನ ಮುಂದಿನ ಕಸವನ್ನು ಗುಡಿಸಿ, ಆಚೆ ಮನೆಯವರ ಗಡಿಯವರೆಗೆ ತಂದು ಬಿಟ್ಟರು. ಆಚೆ ಮನೆಯಿಂದ ಒಬ್ಬರು ಇಣುಕಿ ನೋಡಿ ತೆಲುಗಿನಲ್ಲಿ ಏನೋ ಅಂದರು. ಇವರು ತಮಿಳಿನಲ್ಲಿ ಉತ್ತರ ಕೊಟ್ಟರು. ದಿನಾ ನಡೆಯುವುದೇ ಅದು. ಅಕ್ಕ ನೋಡುತ್ತಾ ಕೂತಿದ್ದವಳು ಇದ್ದಕ್ಕಿದ್ದಂತೆ ನಗತೊಡಗಿದಳು.

"ನೋಡೇ, ಗ್ರಹ ಅಂದ್ರೆ ಸ್ವಂತ ಮನೆ, ಸ್ವಂತ ಅಂಗಳ. ತನ್ನ ಅಂಗಳ ತಾನು ಗುಡಿಸ್ಕೊಂಡು ಇದೆ. ಪ್ಲೂಟೊ ಇರೋದು ವಠಾರದಲ್ಲಿ. ಅಲ್ಲಿ ಅದೊಂದೇ ಅಲ್ಲ, ಅಂಥವು ಸಾವಿರಾರಿವೆ. ಮೊದಲು ಇದೊಂದೇ ಕಂಡಿತ್ತು, ಒಂಟಿ ಮನೆ ಅಂದ್ಕೊಂಡ್ವಿ. ಆಮೇಲೆ ಬಾಗಿಲು ತೆಗೆದು ನೋಡಿದ್ರೆ ಸಾಲು ಸಾಲು ಮನೆ."

ಹೇಳುತ್ತಾ ಹೇಳುತ್ತಾ ಅವಳಿಗೇ ಹೊಸದೊಂದು ಹೊಳೆಯಿತು. ಪ್ಲೂಟೊ ಒಂದನ್ನೇ ತಂದರೆ ಒಂದು ಮಗುವಿಗೆ ಮಾತ್ರ ಕೆಲಸ. ವಠಾರವನ್ನೇ ತಂದರೆ ಇಡೀ ತರಗತಿಗೆ ಕೆಲಸ. ನಮ್ಮ ಅಳತೆಯಲ್ಲಿ ಆ ವಠಾರ ಶುರುವಾಗುವುದು ಕಡದಕಟ್ಟೆಯ ಹತ್ತಿರ, ಮುಗಿಯುವುದು ಭದ್ರಾವತಿ ದಾಟಿದ ಮೇಲೆ. ಅಂದರೆ ಇಡೀ ಊರು ಅದರೊಳಗೇ ಇದೆ. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಕಾಳು, ಬಟಾಣಿಯಿಂದ ಸಾಸಿವೆಯವರೆಗೆ. ಯಾವುದೂ ಗ್ರಹ ಅಲ್ಲ. ಎಲ್ಲವೂ ಸೌರವ್ಯೂಹದ್ದೇ. ಇದರಲ್ಲಿ ಸುಳ್ಳೂ ಇಲ್ಲ, ಪಾಪ ಅನ್ನುವುದೂ ಇಲ್ಲ. ಆಗಲೇ ಮೇಷ್ಟ್ರಿಗೆ ಫೋನ್ ಮಾಡಿದಳು. ಅವರು ಎಲ್ಲವನ್ನೂ ಕೇಳಿ, ತಾನು ನಕ್ಷೆಯ ಕೊನೆಯಲ್ಲಿ ಗೋಡೆ ಕಟ್ಟಿದ್ದೆ, ನೀವು ಬಾಗಿಲು ಇಟ್ಟಿರಿ ಅಂದರಂತೆ. ಹೆಡ್‌ಮೇಡಂ ಒಂದೇ ಷರತ್ತು ಹಾಕಿದರು, ಇವು ಗ್ರಹಗಳಲ್ಲ ಅಂತ ಬೋರ್ಡಿನಲ್ಲಿ ಸ್ಪಷ್ಟವಾಗಿರಬೇಕು. ಅದನ್ನು ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ತಾನೇ ಬರೆಯುತ್ತೇನೆ ಅಂದಳು ಅಕ್ಕ.

ಸೋಮವಾರ ತರಗತಿಯಲ್ಲಿ ದೊಡ್ಡ ಗಲಾಟೆಯಾಯಿತಂತೆ. ರಾತ್ರಿ ಊಟವಾದ ಮೇಲೆ ಅಕ್ಕ ಫೋನಿನಲ್ಲಿ ಹೇಳಿದ್ದು ಇದು. ಕಾರೇಹಳ್ಳಿಯ ಹುಡುಗಿ ಬೆಂಚಿನ ಮೇಲೆ ತಲೆ ಇಟ್ಟವಳು ಎತ್ತಲಿಲ್ಲ. ಅವಳ ಪರ ಒಂದು ಗುಂಪು ನಿಂತಿತು. ದುಂಡಗಿದ್ದ ಮೇಲೆ ಗ್ರಹವೇ, ಸಣ್ಣದು ಅಂತ ಹೊರಗೆ ಹಾಕುವುದು ಯಾವ ನ್ಯಾಯ ಅಂತ. ದುಂಡಗಿದ್ದದ್ದೆಲ್ಲ ಗ್ರಹವಾದರೆ ಚಂದ್ರನೂ ಗ್ರಹವೇ, ಅದು ಪ್ಲೂಟೊಗಿಂತ ದೊಡ್ಡದು ಅಂತ ಇನ್ನೊಂದು ಗುಂಪು. ಕೈ ಎತ್ತಿ ತೀರ್ಮಾನ ಮಾಡೋಣ ಅಂದರಂತೆ. ವಿಜ್ಞಾನ ಕೈ ಎತ್ತಿ ಆಗುವುದಲ್ಲ ಅಂತ ಅಕ್ಕ ಗದರಿದಳು. ಆಗ ಹಿಂದಿನ ಬೆಂಚಿನಿಂದ ಯಾರೋ, "ಟೀಚರ್, ವಿಜ್ಞಾನಿಗಳೂ ಸಭೆ ಸೇರಿ ಕೈ ಎತ್ತೇ ತೀರ್ಮಾನ ಮಾಡಿದ್ದಂತಲ್ಲ" ಅಂದರು.

"ಏನು ಹೇಳಲಿ ಹೇಳು, ನಿಜ ತಾನೇ ಅದು" ಅಂತ ಅಕ್ಕ ನನ್ನ ಹತ್ತಿರ ನಕ್ಕಳು. ಮಕ್ಕಳಿಗೂ ಹೌದು ಅಂತಲೇ ಹೇಳಿದಳಂತೆ. ಪ್ಲೂಟೊ ಅಲ್ಲಿ ಹೇಗಿದೆಯೋ ಹಾಗೇ ಇದೆ, ಅದನ್ನು ಯಾವ ಸಾಲಿಗೆ ಸೇರಿಸಬೇಕು ಅನ್ನುವುದಕ್ಕೆ ಮಾತ್ರ ಕೈ ಎತ್ತಿದ್ದು. ಅದನ್ನು ಈಗಲೂ ಒಪ್ಪದ ವಿಜ್ಞಾನಿಗಳಿದ್ದಾರೆ. ನಾಳೆ ಇನ್ನೂ ಹೆಚ್ಚು ಗೊತ್ತಾದರೆ ಮತ್ತೆ ಕೈ ಎತ್ತಬಹುದು. ಆಗ ನೀವು ಅಲ್ಲಿದ್ದರೆ ನಿಮ್ಮ ಕೈಯನ್ನೂ ಎತ್ತಿ ಅಂದಳಂತೆ. ನಾನು ಇಷ್ಟು ವರ್ಷ ಪಾಠ ಮಾಡಿದ್ದೇನೆ. ಮಕ್ಕಳ ಮುಂದೆ ಸೋತು, ಆ ಸೋಲನ್ನೇ ಪಾಠ ಮಾಡಿ ಮುಂದಕ್ಕೆ ಹೋಗುವುದು ನನಗೆ ಇನ್ನೂ ಬಂದಿಲ್ಲ.

ತಲೆ ಎತ್ತದ ಹುಡುಗಿ ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ ಅಕ್ಕನ ಹತ್ತಿರ ಬಂದು, ಪ್ಲೂಟೊದಷ್ಟೇ ದೊಡ್ಡದು ಇನ್ನೊಂದು ಸಿಕ್ಕಿದ್ದರಿಂದಲೇ ಈ ತಕರಾರು ಶುರುವಾಯಿತು ಅಂದಿರಲ್ಲ, ಅದೆಲ್ಲಿದೆ ಅಂತ ಕೇಳಿದಳು. ಅದರ ಹೆಸರು ಏರಿಸ್. ಅಕ್ಕ ತಟ್ಟೆ ಪಕ್ಕಕ್ಕಿಟ್ಟು ಲೆಕ್ಕ ಹಾಕಿದಳು. ಅದು ತನ್ನ ಸುತ್ತಿನಲ್ಲಿ ಸೂರ್ಯನಿಗೆ ಹತ್ತಿರ ಬಂದಾಗ ಭದ್ರಾವತಿಯ ಆಸುಪಾಸು, ದೂರ ಹೋದಾಗ ತರೀಕೆರೆಗೂ ಆಚೆ.

"ಹಂಗಾದ್ರೆ ನಮ್ಮೂರಿನ ಮೇಲೆ ಹೋಗುತ್ತೆ" ಅಂದಳು ಹುಡುಗಿ. "ನಂಗೆ ಅದು ಕೊಡಿ ಟೀಚರ್. ನಮ್ಮನೆ ಮುಂದೆ ನಿಲ್ತೀನಿ. ಪ್ಲೂಟೊ ಅವಳಿಗೆ ಕೊಡಿ" ಅಂತ ಪಕ್ಕದವಳನ್ನು ತೋರಿಸಿದಳಂತೆ. ಬಸ್ಸು ಅಲ್ಲಿಯವರೆಗೆ ಬರುವುದಿಲ್ಲ ಕಣಮ್ಮ ಅಂತ ಅಕ್ಕ ಹೇಳಿ ನೋಡಿದಳು. ಏರಿಸ್ ಹೆಚ್ಚು ಕಾಲ ಇರುವುದು ಆ ಕಡೆಯೇ ಆದರೆ ಇಲ್ಲಿ ನಿಂತರೆ ತಪ್ಪಾಗುತ್ತದಲ್ಲ ಅಂದಳು ಹುಡುಗಿ. ಅಕ್ಕನ ಶಿಷ್ಯೆ, ಇನ್ನು ಹೇಗಿರುತ್ತಾಳೆ.

ವಿಜ್ಞಾನ ದಿನದ ಬೆಳಿಗ್ಗೆ ರಂಗೋಲಿಯ ಸೂರ್ಯನಿಂದ ಹೊರಟೆವು. ಭೂಮಿಯವರೆಗೆ ನಡೆದೇ ಹೋಗಿ, ಮಂಗಳನನ್ನು ನೋಡಿಕೊಂಡು ಬಸ್ಸು ಹತ್ತಿದ್ದು. ಬಾಡಿಗೆಗೆ ಹಿಡಿದ ಖಾಸಗಿ ಬಸ್ಸಿನ ಕಂಡಕ್ಟರ್ ಒಂದೇ ಸ್ಟಾಪಿನಲ್ಲಿ ವಿಷಯ ಹಿಡಿದುಬಿಟ್ಟರು. "ಗುರು, ಗುರು, ಗುರು ಇಳಿಯೋರು ಮುಂದೆ ಬನ್ನಿ" ಅಂತ ಕೂಗತೊಡಗಿದರು. ಶನಿಯ ಹತ್ತಿರ ಎಲ್ಲರೂ ಇಳಿದರು. ಅಲ್ಲಿಂದ ಮುಂದೆ ದಾರಿ ಖಾಲಿ ಅನ್ನಿಸತೊಡಗಿತು. ಯುರೇನಸ್ ಬರುವಷ್ಟರಲ್ಲಿ ಗದ್ದಲ ಮಾಡುತ್ತಿದ್ದ ಮಕ್ಕಳು ಕಿಟಕಿಗೆ ಮುಖ ಒತ್ತಿ ಸುಮ್ಮನೆ ಕೂತಿದ್ದರು. ಆಮೇಲೆ ಮತ್ತೆ ಅಷ್ಟೇ ದೂರ ಏನೂ ಇಲ್ಲ. ಮೇಷ್ಟ್ರು ಮುಂದಿನ ಸೀಟಿನಲ್ಲಿ ಕೂತು ಮಕ್ಕಳು ಸುಮ್ಮನಾದದ್ದನ್ನೇ ನೋಡುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಅದೇ.

ನೆಪ್ಚೂನ್ ಕಳೆದು ಕಡದಕಟ್ಟೆ ದಾಟುತ್ತಲೇ ಅಕ್ಕನ ಮಕ್ಕಳು ಕಾಣತೊಡಗಿದರು. ಹೋಟೆಲಿನ ಕಟ್ಟೆಯ ಮೇಲೆ ಒಬ್ಬ, ಸೈಕಲ್ ಅಂಗಡಿಯ ಮುಂದೆ ಇಬ್ಬರು, ಬಸ್ ಸ್ಟಾಪಿನ ನೆರಳಿನಲ್ಲಿ ಒಬ್ಬಳು. ಶಾಲೆಯ ಗೇಟಿನ ಹತ್ತಿರವಂತೂ ಗುಂಪುಗುಂಪಾಗಿ. ಎಲ್ಲರೂ ಬಲಗೈ ಅಂಗೈಯಲ್ಲಿ ಒಂದು ಕಾಳು ಹಿಡಿದು ಮುಂದಕ್ಕೆ ಚಾಚಿದ್ದರು. ಬಸ್ಸಿನಿಂದ ಇಳಿದವರಿಗೆ ಅಕ್ಕ ಒಂದೇ ಕೆಲಸ ಕೊಟ್ಟಳು, ಇಲ್ಲಿ ಪ್ಲೂಟೊ ಇದೆ, ಹುಡುಕಿ ಅಂತ. ನಮ್ಮ ಮಕ್ಕಳು ಓಡಾಡಿದರು. ಇದಾ? ಅಲ್ಲ. ಇದಾ? ಇದು ಬೇರೆ. ಹೆಡ್‌ಮೇಡಂ ಕನ್ನಡಕ ಹಾಕಿಕೊಂಡು ಒಂದೊಂದು ಅಂಗೈಯನ್ನೂ ಬಗ್ಗಿ ನೋಡುತ್ತಾ ಬಂದರು. ಕೊನೆಗೆ ಪ್ಲೂಟೊ ಹಿಡಿದವಳ ಮುಂದೆಯೇ ನಿಂತು, ಪ್ಲೂಟೊ ಎಲ್ಲಮ್ಮ ಅಂತ ಅವಳನ್ನೇ ಕೇಳಿದರು. ಎಲ್ಲರೂ ನಕ್ಕರು. ಅವರೂ ನಕ್ಕರು. ಯಾಕೆ ಅದನ್ನು ಗ್ರಹದ ಸಾಲಿನಿಂದ ತೆಗೆದರು ಅನ್ನುವುದನ್ನು ಆಮೇಲೆ ಯಾರೂ ಯಾರಿಗೂ ವಿವರಿಸಬೇಕಾಗಲಿಲ್ಲ. ಚಪ್ಪಾಳೆ ಬಿತ್ತು, ಈ ಸಲ ತಟ್ಟಿದವರು ಶಿವಮೊಗ್ಗದವರು.

ಉಪ್ಪಿಟ್ಟು, ಮಜ್ಜಿಗೆ ಆಯಿತು. ಬಸ್ಸು ಹಿಂದಕ್ಕೆ ತಿರುಗಿ ನಿಂತಿತು. ಅಕ್ಕ ಬ್ಯಾಗು ಹೆಗಲಿಗೆ ಹಾಕಿಕೊಂಡು, "ನೀವೆಲ್ಲ ಹೊರಡಿ, ನಾನು ತರೀಕೆರೆ ಬಸ್ ಹಿಡೀತೀನಿ. ಅಲ್ಲೊಬ್ಳು ಬೆಳಿಗ್ಗೆಯಿಂದ ನಿಂತಿದಾಳೆ" ಅಂದಳು.

ಯಾರು, ಎಲ್ಲಿ ಅಂತ ಹೆಡ್‌ಮೇಡಂ ಕೇಳಿದರು. ಅಕ್ಕ ಹೇಳಿದಳು. ಅವರು ಒಂದು ಕ್ಷಣ ಗಡಿಯಾರ ನೋಡಿಕೊಂಡು, ಆಮೇಲೆ ಕಂಡಕ್ಟರ್ ಕಡೆ ತಿರುಗಿ, "ಏನಪ್ಪ, ಸೌರವ್ಯೂಹ ಇನ್ನೂ ಮುಗಿದಿಲ್ವಂತೆ. ಕಾರೇಹಳ್ಳಿವರೆಗೂ ಬಿಡ್ತೀರಾ?" ಅಂದರು. ಕಂಡಕ್ಟರ್ ಡ್ರೈವರಿನ ಮುಖ ನೋಡಿದರು. ಡ್ರೈವರ್ ಬಸ್ಸನ್ನು ಮತ್ತೆ ಆ ಕಡೆಗೆ ತಿರುಗಿಸಿದರು. ಅಕ್ಕನ ಮಕ್ಕಳೂ ಹತ್ತಿದರು, ಸೀಟಿಲ್ಲದೆ ಒಬ್ಬರ ತೊಡೆಯ ಮೇಲೆ ಒಬ್ಬರು.

ಹುಡುಗಿ ಯೂನಿಫಾರಂ ಹಾಕಿಕೊಂಡು, ಎರಡು ಜಡೆಗೆ ಟೇಪು ಕಟ್ಟಿಕೊಂಡು ಅಜ್ಜಿಯ ಮನೆಯ ಮುಂದೆ ನಿಂತಿದ್ದಳು. ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅಜ್ಜಿ. ಬೆಳಿಗ್ಗೆಯಿಂದ ದಾರಿಯಲ್ಲಿ ಹೋದವರಿಗೆಲ್ಲ ಹೇಳಿದ್ದಾಳೆ, ಹಾಲಿನವರಿಗೆ ಎರಡು ಸಲ ಹೇಳಿದ್ದಾಳೆ, ಈಗ ತನಗೂ ಬಾಯಿಪಾಠ ಆಗಿದೆ ಅಂತ ಅಜ್ಜಿ ಎದ್ದು ಬಂದು ಹೇಳಿದರು. ಇಷ್ಟು ಜನರನ್ನು ನೋಡಿ ಹುಡುಗಿ ಒಮ್ಮೆ ಅಕ್ಕನ ಕಡೆ ನೋಡಿದಳು. ಅಕ್ಕ ಬಸ್ಸಿನ ಹತ್ತಿರವೇ, ಎಲ್ಲರಿಗಿಂತ ಹಿಂದೆ ನಿಂತಿದ್ದಳು, ಮುಂದಕ್ಕೆ ಬರಲಿಲ್ಲ.

ಹುಡುಗಿ ಅಂಗೈ ಬಿಚ್ಚಿದಳು. ಇದರ ಹೆಸರು ಏರಿಸ್, ಇದು ಗ್ರಹ ಅಲ್ಲ, ಇದು ಸಿಕ್ಕಿದ ಮೇಲೆಯೇ ಗ್ರಹ ಅಂದರೆ ಏನು ಅಂತ ಎಲ್ಲರೂ ಕೂತು ಯೋಚನೆ ಮಾಡಬೇಕಾಯಿತು ಅಂತ ಶುರುಮಾಡಿ, ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ತೆಗೆದುಕೊಂಡು, ಪೂರ್ತಿ ಹೇಳಿ ಮುಗಿಸಿದಳು. ಹೆಡ್‌ಮೇಡಂ ಹತ್ತಿರ ಹೋಗಿ ಬಗ್ಗಿ ಆ ಕಾಳನ್ನು ನೋಡಿದರು.

"ಇಲ್ಲಿಗೆ ಸೂರ್ಯ ಕಾಣುತ್ತಾ ಮಗು?"

"ಒಂದು ಚುಕ್ಕಿ ಕಂಡಂಗೆ ಕಾಣುತ್ತೆ ಮೇಡಂ" ಅಂದಳು. "ಆದ್ರೂ ಅದರ ಸುತ್ತಾನೇ ಸುತ್ತುತ್ತೆ."

ಹಿಂದಿನಿಂದ ನಮ್ಮ ಶಾಲೆಯ ಗ್ಯಾರೇಜಿನವರ ಮಗಳು, ಶನಿಯನ್ನು ಮಲವಗೊಪ್ಪದಲ್ಲಿ ಅಬ್ಬನ ಕೈಗೆ ಕೊಟ್ಟು ಬಸ್ಸು ಹತ್ತಿದ್ದವಳು, ಒಂದು ಸುತ್ತಿಗೆ ಎಷ್ಟು ವರ್ಷ ಬೇಕು ಅಂತ ಕೇಳಿದಳು. ಹುಡುಗಿ ಅವಳ ಕಡೆ ತಿರುಗಿ ಉತ್ತರ ಹೇಳತೊಡಗಿದಳು.